ಸೈಲೆನ್ಸರ್ ಮಿಸ್ತ್ರಿಗೆ ನಾನು ಹೇಳಿದ ಸುಳ್ಳು

ಅವರ ಬಲ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ. ಲಾರಿಯ ಹೊಗೆಕೊಳವೆಯ ಬಾಯಿಗೆ ಕೈಯೊಡ್ಡಿ ಒಡ್ಡಿ ಅಲ್ಲಿನ ಚರ್ಮ ಸುಟ್ಟು, ಸುಲಿದು, ಮತ್ತೆ ಬೆಳೆದು ಕೊನೆಗೆ ನುಣ್ಣಗಾಗಿಬಿಟ್ಟಿತ್ತು. ಒಮ್ಮೆ ಹುಬ್ಬಳ್ಳಿ ಬಸ್ ನಿಲ್ದಾಣದ ಹತ್ತಿರ ಕೈ ನೋಡಿ ಭವಿಷ್ಯ ಹೇಳುವವನೊಬ್ಬ ಆ ಅಂಗೈಯನ್ನು ತಿರುಗಿಸಿ ಮುರುಗಿಸಿ ನೋಡಿ ಸುಮ್ಮನೆ ಕೂತನಂತೆ. "ಬಿಡಪಾ, ನನ್ನ ಹಣೇಬರಹ ಎಲ್ಲಾ ಹೊಗಿ ತಿಂದು ಹೋಗೇದ" ಎಂದು ಇವರೇ ಎದ್ದು ಬಂದರಂತೆ. ಈ ಕಥೆಯನ್ನು ಅವರೇ ಹೇಳಿ ಅವರೇ ನಗುತ್ತಿದ್ದರು.

ಲಾರಿ ಮಂದಿಗೆಲ್ಲ ಅವರು ಸೈಲೆನ್ಸರ್ ಮಿಸ್ತ್ರಿ. ಹುಬ್ಬಳ್ಳಿಯ ಕಾರವಾರ ರಸ್ತೆಯ ಬದಿಗೆ ಅವರದೊಂದು ತಗಡಿನ ಶೆಡ್ಡು. ಎಂಜಿನ್ ಬಿಚ್ಚುವುದು, ಗೇರ್ ಕೂಡಿಸುವುದು ಅವರ ಕೆಲಸವಲ್ಲ. ಎಂಜಿನ್ನಿನಿಂದ ಹೊಗೆ ಹೊರಬೀಳುವ ದಾರಿ ಇದೆಯಲ್ಲ, ಅದಷ್ಟೇ ಅವರದು. ಮದುವೆಯಾದ ಮರುವರ್ಷವೇ ಹೆಂಡತಿ ತೀರಿಕೊಂಡಿದ್ದಳು. ಆಮೇಲೆ ಅವರು ಮತ್ತೊಂದು ಮದುವೆಯ ಮಾತೆತ್ತಲಿಲ್ಲ; ಕೆಲಸದ ಶೆಡ್ಡೇ ಮನೆಯಾಯಿತು. ಎದುರಿನ ಹೋಟೆಲಿನಿಂದ ಚಹಾ ತರಿಸುತ್ತಿದ್ದದ್ದು ಯಾರಾದರೂ ಬಂದರೆ ಮಾತ್ರ. "ಒಬ್ಬಾವನ ಕುಡದ ಚಾ ಮೈಗೆ ಹತ್ತೂದಿಲ್ಲ ತಮ್ಮಾ" ಎನ್ನುವುದು ಅವರ ಸಿದ್ಧಾಂತ.

ನಾನಾಗ ಒಂದು ಹಳೆಯ ಪೆಟ್ರೋಲ್ ಲಾರಿಯ ಡ್ರೈವರ್. ಅರವತ್ತರ ದಶಕ ಇನ್ನೂ ಶುರುವಾಗಿತ್ತಷ್ಟೆ. ಹುಬ್ಬಳ್ಳಿಯಿಂದ ಹತ್ತಿಯ ಅಂಡಿಗೆ ಹೇರಿಕೊಂಡು ಕಾರವಾರಕ್ಕೆ ಇಳಿಯುವುದು, ಬರುವಾಗ ಅಂಕೋಲೆಯ ಕಡೆಯಿಂದ ಉಪ್ಪು ತುಂಬಿಕೊಂಡು ಅರಬೈಲು ಘಟ್ಟ ಹತ್ತುವುದು. ಲಾರಿ ಅಡ್ಡೆಯಲ್ಲಿ ನಾವು ಆರು ಜನ ಡ್ರೈವರುಗಳು ಸದಾ ಜೊತೆ. ನಮ್ಮಲ್ಲಿ ನಾನೇ ಸ್ವಲ್ಪ ಮುಂದಾಳು, ಹಾಗಂತ ನಾನೇ ಅಂದುಕೊಂಡಿದ್ದೆ. ಆರೂ ಲಾರಿಗಳ ಕೊಳವೆಗಳು ಮಿಸ್ತ್ರಿಯ ಕೈಯಲ್ಲೇ ಆಗಿದ್ದವು.

ಅವರ ಕೆಲಸ ನೋಡಬೇಕಿತ್ತು. ಕೊಳವೆಯನ್ನು ಹಾಗೇ ಬಗ್ಗಿಸಿದರೆ ತಿರುವಿನಲ್ಲಿ ಅದು ಚಪ್ಪಟೆಯಾಗುತ್ತದೆ. ಅದಕ್ಕೆ ಇವರು ಮರಳನ್ನು ಹುರಿದು ಒಣಗಿಸಿ, ಕೊಳವೆಯೊಳಗೆ ಜಡಿದು ತುಂಬಿ, ಎರಡೂ ಬಾಯಿಗೆ ಮರದ ಬೆಣೆ ಹೊಡೆದು, ಕೆಂಪಗೆ ಕಾಯಿಸಿ ನಿಧಾನ ಬಗ್ಗಿಸುತ್ತಿದ್ದರು. ಲಾರಿಗೆ ಕೂಡಿಸಿದ ಮೇಲೆ ಎಂಜಿನ್ ಚಾಲೂ ಮಾಡಿಸಿ ಕೊಳವೆಯ ಬಾಯಿಗೆ ಅಂಗೈ ಒಡ್ಡಿ, ಕಣ್ಣು ಮುಚ್ಚಿ ಕೂರುವರು. ವೈದ್ಯರು ನಾಡಿ ಹಿಡಿದಂತೆ. ಹೊಗೆ ಒಂದೇ ಸಮನೆ ತಟ್ಟುತ್ತಿದ್ದರೆ "ಛಲೋ ಆತು" ಎಂದು ಏಳುವರು. ಇಲ್ಲದಿದ್ದರೆ ಮತ್ತೆ ಬಿಚ್ಚುವರು. ನಮಗೆ ಎಷ್ಟೇ ಅವಸರವಿರಲಿ, ಅವರಿಗೆ ಅದರ ಪರಿವೆ ಇರಲಿಲ್ಲ.

ಒಂದು ಸಲ ನಾನು ಬೇರೆ ಊರಿನಲ್ಲಿ ಸೈಲೆನ್ಸರ್ ಕಿತ್ತೊಗೆದು, ತೋಳು ಹೋಗುವಷ್ಟು ಅಗಲದ ನೇರ ಕೊಳವೆ ಹಾಕಿಸಿಕೊಂಡು ಬಂದೆ. ಚಾಲೂ ಮಾಡಿದರೆ ಅಡ್ಡೆಯ ಹಮಾಲರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಸದ್ದು ಇದ್ದಷ್ಟು ತಾಕತ್ತು ಎಂದು ನಾವೆಲ್ಲ ನಂಬಿದ್ದ ಕಾಲ. ಗದಗಿನ ಬಯಲು ರಸ್ತೆಯಲ್ಲಿ ಲಾರಿ ಹಗುರಾಗಿ ಓಡಿತು ಕೂಡ. ಗೆಳೆಯರು ನನ್ನನ್ನು "ಹುಲಿ" ಎಂದು ಕರೆದರು. ನಾನೂ ಉಬ್ಬಿಹೋದೆ. ಆ ಉಬ್ಬಿನಲ್ಲೇ ಮಿಸ್ತ್ರಿಗೆ ತೋರಿಸಲು ಲಾರಿ ಒಯ್ದೆ.

ಅವರು ಅಂಗೈ ಒಡ್ಡಿದರು, ತಕ್ಷಣವೇ ತೆಗೆದರು. "ನಿಮ್ಮವ್ವ ಒಲಿ ಹೆಂಗ ಊದತಿದ್ಲು?" ಎಂದು ಕೇಳಿದರು.

"ಊದುಗೊಳವಿಲೆ."

"ಅದರ ತೂತು ಒನಕಿ ಹೋಗುವಷ್ಟು ಇದ್ರ ಉರಿ ಏಳತಿತ್ತೇನು? ಒಂದು ಹೊಗಿ ಹೊರಗ ಹೋಗೂಮುಂದ ಹಿಂದಿಂದನ್ನ ಕೈಹಿಡಿದು ಎಳಕೊಂಡು ಹೋಗಬೇಕು ತಮ್ಮಾ. ಆವಾಗ ಎಂಜಿನ್ನಿನ ಹೊಟ್ಟಿ ಖಾಲಿ ಆಗಿ ಹೊಸಾ ಉಸಿರು ತೊಗೋತದ. ದಾರಿ ಇಷ್ಟು ಅಗಲ ಆದ್ರ ಒಂದಕ್ಕೊಂದು ಗುರುತ ಇಲ್ಲದಂಗ ಅಡ್ಡಾಡತಾವ. ಬಯಲಿನ್ಯಾಗ ಜೋರ್ ಓಡಿಸೂಮುಂದ ನಡೀತದ. ಘಟ್ಟದಾಗ, ಹಗೂರಕ ಹತ್ತೂಮುಂದ, ಕೈ ಕೊಡತದ."

ನಾನು ನಕ್ಕೆ. "ನಿಮಗ ವಯಸ್ಸಾತು ಬಿಡ್ರಿ ಮಿಸ್ತ್ರಿ" ಎಂದೆ. ಅವರು ಎದ್ದು ಮರಳು ಹುರಿಯಲು ಹೋದರು. ತಿಂಗಳೊಪ್ಪತ್ತಿನಲ್ಲಿ ಉಳಿದ ಐವರೂ ನನ್ನಂತೆಯೇ ಅಗಲ ಕೊಳವೆ ಹಾಕಿಸಿದರು. ಅವರನ್ನು ನೋಡಿ ಬೇರೆಯವರು. ಅಂಥ ಕೊಳವೆ ಮಾಡಿಕೊಡಲು ಮಿಸ್ತ್ರಿ ಒಪ್ಪಲಿಲ್ಲ. ಶೆಡ್ಡಿಗೆ ಲಾರಿ ಬರುವುದು ನಿಂತಿತು. ಲಾರಿ ಬರದ ಮೇಲೆ ಮನುಷ್ಯರೂ ಬರಲಿಲ್ಲ. ಮಿಸ್ತ್ರಿ ಚಹಾ ಕುಡಿಯುವುದನ್ನೇ ಬಿಟ್ಟಿದ್ದಾರೆಂದು ಹೋಟೆಲಿನ ಮಾಲಕ ಒಮ್ಮೆ ಹೇಳಿದ. ನಾನು ತಲೆಗೆ ಹಾಕಿಕೊಳ್ಳಲಿಲ್ಲ.

ಮಳೆಗಾಲ ಮುಗಿದ ಮೇಲೆ ಉಪ್ಪಿನ ಭರ್ತಿ ಲೋಡು ಹೇರಿಕೊಂಡು ಅರಬೈಲು ಹತ್ತುತ್ತಿದ್ದೆ. ಕಡಿದಾದ ತಿರುವೊಂದರಲ್ಲಿ ಮೊದಲ ಗೇರಿಗೆ ಇಳಿಸಿದೆ. ಸದ್ದು ಕಾಡೆಲ್ಲ ತುಂಬಿತು, ಎಳೆತ ಮಾತ್ರ ಇಲ್ಲ. ಎಂಜಿನ್ ಎರಡು ಸಲ ಬಿಕ್ಕಿ ನಿಂತೇಹೋಯಿತು. ಬ್ರೇಕು ತಡೆಯದೆ ಲಾರಿ ಹಿಂದಕ್ಕೆ ಜಾರತೊಡಗಿತು. ನನಗಿಂತ ಹಿರಿಯನಾದ ಕ್ಲೀನರ್ ಕೆಳಗೆ ಹಾರಿ ಹಿಂದಿನ ಗಾಲಿಗೆ ಕಲ್ಲು ಕೊಡದಿದ್ದರೆ ಈ ಬರಹ ಬರೆಯಲು ನಾನು ಇರುತ್ತಿರಲಿಲ್ಲ. ಅರ್ಧ ಚೀಲಗಳನ್ನು ರಸ್ತೆಗೆ ಇಳಿಸಿ, ಎರಡು ಸರದಿಯಲ್ಲಿ ಮೇಲೆ ಮುಟ್ಟಿಸಿದೆವು. ಮೇಲೆ ಬಂದ ಕೂಡಲೇ ಕ್ಲೀನರ್ ಕೈಮುಗಿದು, ಬೇರೆ ಲಾರಿ ಹತ್ತಿ ತನ್ನೂರಿಗೆ ಹೋದ. ಹೀಗಾಗಿ ನಡೆದದ್ದು ಹುಬ್ಬಳ್ಳಿಯಲ್ಲಿ ನನ್ನೊಬ್ಬನಿಗೇ ಗೊತ್ತು.

ನೇರ ಮಿಸ್ತ್ರಿಯ ಶೆಡ್ಡಿಗೆ ಹೋಗಿ ಅವರೊಬ್ಬರಿಗೆ ಮಾತ್ರ ಆದದ್ದು ಹೇಳಿದೆ. ನಾ ಹೇಳಿದ್ದಿಲ್ಲವೇನು ಎಂದು ಅವರು ಕೇಳಲಿಲ್ಲ. "ನಿನಗ ಪೆಟ್ಟಾಗಿಲ್ಲಲ್ಲ?" ಎಂದಷ್ಟೇ ಕೇಳಿದರು. ಎರಡು ದಿನದಲ್ಲಿ ಹದವಾದ ಅಳತೆಯ ಹೊಸ ಕೊಳವೆ ಮಾಡಿಕೊಟ್ಟರು. ಮುಂದಿನ ಸಲ ಅಷ್ಟೇ ಲೋಡು ಹೊತ್ತು ಅದೇ ತಿರುವನ್ನು ಲಾರಿ ತುಟಿ ಪಿಟಕ್ಕೆನ್ನದೆ ಹತ್ತಿತು. ಹೋಗಿ ಹೇಳಿದೆ. ಅವರ ಮುಖ ಅರಳಿತು. ಚಹಾ ತರಿಸಿದರು. ಕುಡಿಯುತ್ತಾ, ನೆಲ ನೋಡುತ್ತಾ ಕೇಳಿದರು:

"ಉಳಿದ ಐದೂ ಮಂದಿಗೆ ಒಂದು ಮಾತು ಹೇಳತೀಯೇನು? ಘಟ್ಟದಾಗ ಯಾರಿಗರ ಏನರ ಆದೀತು." ಸ್ವಲ್ಪ ತಡೆದು, "ಖರೇ ಹೇಳಬೇಕಂದ್ರ ನನ್ನ ಸಲುವಾಗೂ ಹೌದು. ಮುಂಜಾನಿಂದ ಸಂಜೀತನಕ ಯಾರ ಜೋಡಿನೂ ಮಾತಿಲ್ಲ ನೋಡು" ಎಂದರು.

"ಹೇಳತೇನ್ರಿ" ಎಂದೆ.

ಹೇಳಲಿಲ್ಲ. ಹುಲಿ ಹಿಂದಕ್ಕೆ ಜಾರಿತ್ತು ಎಂದು ಯಾವ ಬಾಯಿಂದ ಹೇಳಲಿ? ಸದ್ದು ಎಲ್ಲಿ ಹೋಯಿತೋ ಎಂದು ಗೆಳೆಯರು ಕೇಳಿದಾಗ, "ನಮ್ಮ ಲಾರಿ ಮಾಲಕರ ತಾಯಿಗೆ ಗದ್ದಲ ಆಗಿಬರೂದಿಲ್ಲಂತ" ಎಂದುಬಿಟ್ಟೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

ಹದಿನೈದು ದಿನದ ಮೇಲೆ ಮಿಸ್ತ್ರಿ ರಸ್ತೆಯಲ್ಲೇ ಲಾರಿ ನಿಲ್ಲಿಸಿ ಕೇಳಿದರು: "ಹೇಳಿದೇನು?"

"ಹೇಳೇನ್ರಿ. ಬರತೇವಿ ಅಂದಾರ."

"ಬರವಲ್ಲರ್ಯಾಕ ಮತ್ತ?"

"ಕೆಲಸ ಭಾಳ ಅದ. ಬರತಾರ್ರಿ."

ಅವರು ತಲೆಯಾಡಿಸಿದರು. ನನ್ನನ್ನು ಅವರು ಎಷ್ಟು ಸಲೀಸಾಗಿ ನಂಬಿದರೆಂದರೆ, ಆವತ್ತಿನಿಂದ ಅವರ ಮುಖ ನೋಡಲು ನನಗಾಗಲಿಲ್ಲ. ಸುತ್ತಾದರೂ ಚಿಂತೆಯಿಲ್ಲವೆಂದು ಬೇರೆ ರಸ್ತೆ ಹಿಡಿದು ಊರು ಸೇರುತ್ತಿದ್ದೆ. ಅದರಿಂದಾಗಿ ಅವರಿಗೆ ಉಳಿದಿದ್ದ ಒಬ್ಬ ಮನುಷ್ಯನೂ ಇಲ್ಲವಾದ.

ನಾಲ್ಕೇ ದಿನದ ಜ್ವರದಲ್ಲಿ ಅವರು ಹೋದರು. ನಾನಾಗ ಅಂಕೋಲೆಯಲ್ಲಿ ಲೋಡಿಗಾಗಿ ಕಾಯುತ್ತಿದ್ದೆ. ಮರಳಿ ಬಂದು ವಾರದ ಮೇಲೆ, ಪೇಟೆಯಲ್ಲಿ ಸಿಕ್ಕ ಹೋಟೆಲಿನ ಮಾಲಕನಿಂದ ವಿಷಯ ಗೊತ್ತಾಗಿ ಶೆಡ್ಡಿಗೆ ಹೋದೆ. ಮುಂದೆ ನಿಂತು ಮಣ್ಣು ಮಾಡಿಸಿದವನೂ ಅವನೇ. ಅವನೇ ಕೀಲಿ ತೆಗೆದ.

ಗೋಡೆಗೆ ಒರಗಿಸಿ ಐದು ಹೊಸ ಕೊಳವೆಗಳಿದ್ದವು. ಒಂದೊಂದರ ಮೇಲೂ ಸುಣ್ಣದಕಡ್ಡಿಯಲ್ಲಿ ಗುರುತು ಬರೆದಿತ್ತು: ಕೆಂಪು ಬಾನೆಟ್ಟು, ಒಡದ ದೀಪ, ಗದಗಿನವ, ಹಾಡು ಹೇಳಾಂವ, ಎತ್ತರದಾಂವ.

"ನೀವ ಹೇಳಿದ್ರಂತಲ್ರಿ, ಐದೂ ಮಂದಿ ಬರತಾರಂತ" ಎಂದ ಹೋಟೆಲಿನವನು. "ಕೆಲಸದ ಮಂದಿ, ಬಂದಾಗ ಕಾಯಿಸಬಾರದು ಅಂತ ಮೊದಲ ಮಾಡಿ ಇಟ್ಟಾರ. ಜ್ವರದಾಗೂ ಬಾಗಲಾ ಹಾಕಗೊಡಲಿಲ್ಲ."

ಆ ಕೊಳವೆಗಳನ್ನು ಅಡ್ಡೆಗೆ ತಂದು ಐವರ ಮುಂದೆ ಇಳಿಸಿದೆ. ಅರಬೈಲಿನಲ್ಲಿ ಆದದ್ದನ್ನು ಒಂದೂ ಬಿಡದೆ ಹೇಳಿದೆ. ಯಾರೂ ನಗಲಿಲ್ಲ. ಅವತ್ತೇ ಒಂದೊಂದಾಗಿ ಹಾಕಿ ನೋಡಿದರು. ಹಳೆಯ ನೆನಪಿನ ಅಳತೆಯಲ್ಲೇ ಮಾಡಿದ್ದರೂ ಐದರಲ್ಲಿ ಒಂದಕ್ಕೂ ಅರ ಹಚ್ಚಿ ತಿಕ್ಕಬೇಕಾಗಲಿಲ್ಲ. ಎಂಜಿನ್ನುಗಳು ಮೆತ್ತಗೆ ಉಸಿರಾಡತೊಡಗಿದವು.

ಗದಗಿನವನು ಕೈ ಒರೆಸಿಕೊಂಡು, "ನಮ್ಮ ತಪ್ಪು ಭಾಳ ಆತು. ನಡೀರಿ, ಮಿಸ್ತ್ರಿನ್ನ ಕಂಡು, ಅವರ ಜೋಡಿ ಕುಂತು ಚಾ ಕುಡದ ಬರೂಣು" ಎಂದ. ಐವರೂ ಎದ್ದು ನಿಂತರು.

ಅವರು ಸತ್ತಿದ್ದಾರೆಂದು ನಾನು ಅಲ್ಲಿಯವರೆಗೂ ಹೇಳಿರಲಿಲ್ಲ.