ಅಂಬ್ರುಷ್ ಎರಡು ಸಲ ಕೊಂಬೂದುವ ಗೇಟು

ಶಾರ್ಕುತ್ ಹಳ್ಳಿ ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವಾಗಲೇ ಮಿಹೋಕ್ ಅಂಬ್ರುಷ್ ಬೀದಿಯ ತುದಿಯಲ್ಲಿ ನಿಂತು ಕೊಂಬೂದುತ್ತಾನೆ. ಊರ ಹಸುಗಳನ್ನೆಲ್ಲ ಒಟ್ಟಿಗೆ ಮೇಯಿಸುವ ದನಗಾಹಿ ಆತ. ಕೊಂಬು ಕೇಳಿದೊಡನೆ ಮನೆಮನೆಯ ಗೇಟು ತೆರೆಯಬೇಕು, ಹಸುಗಳು ತಾವಾಗಿ ಬಂದು ಮಂದೆ ಸೇರಬೇಕು. ಇಂದು ತೆರೆದದ್ದು ಏಳು ಗೇಟು. ಎರಡು ವರ್ಷದ ಹಿಂದೆ, 1953ರಲ್ಲಿ, ನೂರ ಹನ್ನೆರಡು ತೆರೆಯುತ್ತಿದ್ದವು.

ಅಪ್ಪನಿಂದ ಬಂದ ಕೊಂಬು, ಮೂವತ್ತೊಂದು ವರ್ಷದ ಕೆಲಸ. ಮಧ್ಯಾಹ್ನಕ್ಕೆ ಬ್ರೆಡ್ಡು, ಹಂದಿಕೊಬ್ಬು, ಒಂದು ಹಸಿ ಈರುಳ್ಳಿ. ಈಗ ಮೊಣಕಾಲು ಮಾತು ಕೇಳುವುದಿಲ್ಲ, ಊರೂ ಮಾತಾಡಿಸುವುದಿಲ್ಲ.

ಎಲ್ಲ ಕೆಟ್ಟದ್ದು ಬುಡಾಪೆಸ್ಟಿನ ಸಿನಿಮಾದವರು ಬಂದ ಮೇಲೆ. ಅವರ ಸಿನಿಮಾ, ಸಹಕಾರಿ ಸಂಘಕ್ಕೆ ಹೊಲ ಕೊಟ್ಟವರು, ಕೊಡದವರು ಎಂದು ಒಡೆದ ಹಳ್ಳಿಯೊಂದು ಕೊನೆಗೆ ಒಂದಾಗುವ ಕಥೆ. ಕೊನೆಯ ದೃಶ್ಯದಲ್ಲಿ ಊರಿನ ಇಡೀ ಮಂದೆ ಸಂಘದ ಕೊಟ್ಟಿಗೆಗೆ ನುಗ್ಗಬೇಕು. ನಿರ್ದೇಶಕನಿಗೆ ಬೆಳಕು ಒಪ್ಪಿಗೆಯಾಗಲಿಲ್ಲ. ಐದು ಸಂಜೆ ಅಂಬ್ರುಷನ ಕೈಲಿ ಅದನ್ನೇ ಮಾಡಿಸಿದ. ಹಸುಗಳು ಬೇಗ ನುಗ್ಗಲೆಂದು ಒಳಗೆ ಬೀಟ್‌ರೂಟ್ ಸುರಿದಿದ್ದರು.

"ಬೀಟ್‌ರೂಟ್ ಹಾಕ್ಬೇಡ್ರಪ್ಪಾ ಅನ್ನೋದು ನಂಗೇ ಹೊಳೀಲಿಲ್ಲ," ಎನ್ನುತ್ತಾನೆ ಅಂಬ್ರುಷ್. "ದನ ಕಾಯೋನು ನಾನು. ನಂಗೆ ಗೊತ್ತಿರ್ಬೇಕಿತ್ತು."

ಆರನೆಯ ಸಂಜೆ ಕ್ಯಾಮೆರಾ ಗಾಡಿ ಹೊರಟುಹೋಗಿತ್ತು. ಹಸುಗಳು ತಂತಮ್ಮ ಗೇಟಿಗೆ ಹೊರಳದೆ ಸೀದಾ ಸಂಘದ ಕೊಟ್ಟಿಗೆಗೇ ನಡೆದವು. ಊರಲ್ಲಿ ನಿಜವಾಗಿಯೂ ಸಂಘ ಸೇರದಿದ್ದವರು ದೊಣ್ಣೆ ಹಿಡಿದು ಓಡಿಬಂದರು. ಒಳಗಿದ್ದ ಸಂಘದವರು ಹಲ್ಲು ಕಿರಿದರು: "ಏನ್ ವೆಂಡೆಲ್ ಮಾವ, ನಿನಗಿಂತ ಮುಂಚೆ ನಿನ್ನ ಹಸುನೇ ಸಂಘಕ್ಕೆ ರುಜು ಹಾಕ್ತಲ್ಲೋ!" ವೆಂಡೆಲ್ ಎಂದರೆ ಅಂಬ್ರುಷನ ತಂಗಿ ರೊಜಾಲಳ ಗಂಡ. ಮಾತು ಹೊಡೆದಾಟಕ್ಕೆ ತಿರುಗಿತು. ಅಂದು ವೆಂಡೆಲ್ ಒಂದು ಕಣ್ಣು ಕಳೆದುಕೊಂಡ.

ಸಂಘದವರ ಹಸುಗಳು ಈಗ ಕೊಟ್ಟಿಗೆ ಬಿಟ್ಟು ಬರುವುದಿಲ್ಲ. ಉಳಿದವರು ಅಂಬ್ರುಷನನ್ನು ನಂಬುವುದಿಲ್ಲ. ಬೇರೆ ಊರುಗಳಲ್ಲಿ ಆ ದೃಶ್ಯಕ್ಕೆ ಜನ ಕಣ್ಣೊರೆಸಿಕೊಳ್ಳುತ್ತಾರಂತೆ. ಇಲ್ಲಿ ಶಾಲೆಯಲ್ಲಿ ತೋರಿಸಿದಾಗ ರೊಜಾಲ್ ಎದ್ದು ನಿಂತು, "ನನ್ನ ಗಂಡನ ಕಣ್ಣು ಮಾರಿ ಹೆಸರು ಮಾಡ್ಕೊಂಡ್ಯೇನೋ ಅಣ್ಣಾ?" ಎಂದು ಕೂಗಿ ಹೊರಟುಹೋದಳು. ಆ ಸಿನಿಮಾದಲ್ಲಿ ಅವನ ಹೆಸರೇ ಇಲ್ಲ.

ಮುಂದಿನ ವಾರ ಸಂತ ಜಾರ್ಜ್ ಹಬ್ಬ, ಊರು ದನಗಾಹಿಯನ್ನು ನೇಮಿಸಿಕೊಳ್ಳುವ ದಿನ. ಏಳು ಹಸುಗಳಿಗೆ ಯಾರು ನೇಮಿಸುತ್ತಾರೆ? ರೊಜಾಲ್ ಗೇಟು ತೆರೆದರೆ ಅವಳ ಬೀದಿಯವರೂ ತೆರೆದಾರು. ಅವಳು ತೆರೆಯುತ್ತಾಳೆಂಬ ಆಸೆ ಅಂಬ್ರುಷನಿಗೇ ಉಳಿದಿಲ್ಲ.

ಆದರೂ ಅವಳ ಗೇಟಿನ ಮುಂದೆ ನಿಂತು ಮತ್ತೊಮ್ಮೆ ಊದುತ್ತಾನೆ. ಒಳಗಿನಿಂದ ಅವಳ ಹಸು ರಿಶ್ಕಾ ಅಂಬಾ ಎನ್ನುತ್ತದೆ. ಅಗುಳಿ ಅಲುಗುವುದಿಲ್ಲ.

"ಗೇಟು ತೆಗೆಯೋದು ಬ್ಯಾಡ," ಎನ್ನುತ್ತಾನೆ ಅಂಬ್ರುಷ್, ಕೊಂಬಿನ ಬಾಯಿ ಒರೆಸುತ್ತ. "ಬೈಯೋಕಾದ್ರೂ ಒಂದ್ಸಲ ಆಚೆ ಬರ್ಲಿ."