ಹಿಸಾಯೆಯವರು ಹೇಳದೆ ಬಿಟ್ಟದ್ದು

"ಜಪಾನಿ ಮಾತಂದ್ರೆ ಹೆದ್ರುದ್ ಬ್ಯಾಡ. ನಮ್ ಮಾತಿನ ಹಾಂಗೇ ಇತ್ತ್. ನಾವ್ ‘ಮನಿಗ್ ಹೋತೆ’ ಅಂಬುದಿಲ್ಯಾ? ಅವ್ರೂ ಮನಿ ಮೊದ್ಲ್ ಹೇಳಿ, ‘ಗೆ’ ಹಚ್ಚಿ, ಹೋಪುದನ್ನ್ ಕಡಿಗೆ ಹೇಳ್ತ್ರ್. ಇಂಗ್ಲಿಷಿನ ಹಾಂಗೆ ತಲೆಕೆಳ್ಗ್ ಅಲ್ಲ. ಒಂದ್ ಪುಸ್ತಕಕ್ಕೂ ಹತ್ತ್ ಪುಸ್ತಕಕ್ಕೂ ಒಂದೇ ಶಬ್ದ. ಎಣಿಸುಕ್ ಕೂತ್ರೆ ಮಾತ್ರ ಪೆನ್ಸಿಲಿಗ್ ಬೇರೆ, ಕಾಗ್ದಕ್ ಬೇರೆ, ಬೆಕ್ಕಿಗ್ ಬೇರೆ ಲೆಕ್ಕ. ಅಕ್ಷರ ಮೂರ್ ನಮೂನಿ. ಎರಡ್ ಅವ್ರದ್ದೇ, ಒಂದ್ ಚೀನಾದಿಂದ ಬಂದದ್ದ್. ಅದೇ ಸಾವಿರಗಟ್ಲೆ ಇತ್ತಂಬ್ರ್. ನಂಗೆ ಒಂದೂ ಓದುಕ್ ಬತ್ತಿಲ್ಲೆ. ಕನ್ನಡವೇ ನಾಲ್ಕನೇ ಕ್ಲಾಸಿಗ್ ನಿಂತದ್ದ್. ಕಲ್ತದ್ದೆಲ್ಲ ಕೆಮಿಯಿಂದ, ಕೇಂಡ್ ಕೇಂಡ್."

ಹೀಗೆನ್ನುತ್ತಿದ್ದವಳು ಕುಂದಾಪುರ ಕಡೆಯ ಸುಗಂಧಿ. ಇಂಗ್ಲೆಂಡಿನ ಕ್ರೋಯ್ಡನ್ ಊರಿನ ಎಂಟನೇ ಮಹಡಿಯ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದ ಜಪಾನಿ ಹೆಂಗಸು ಹಿಸಾಯೆಯವರ ಮನೆಗೆಲಸಕ್ಕೆ ಅವಳು ಸೇರಿದ್ದು 1992ರಲ್ಲಿ. ಹಿಸಾಯೆಯವರ ಗಂಡ ಇಂಗ್ಲಿಷರವನು. ಮನೆಯೊಳಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತು ಕೂಡದು ಅಂದವನು. ಹಾಗಾಗಿ ಮಗಳು ಹೆಲೆನ್‌ಗೆ ತಾಯಿಯ ಮಾತಿನಲ್ಲಿ ನೀರು ಕೇಳುವುದಕ್ಕೂ ಬಾರದು. ಗಂಡ ಸತ್ತ ಮೇಲೆ ಹಿಸಾಯೆಯವರು ಮೂವತ್ತು ವರ್ಷ ಕಟ್ಟಿಟ್ಟ ಮಾತನ್ನೆಲ್ಲ, ಎದುರಿಗೆ ಬಟ್ಟೆ ಮಡಚುತ್ತ ಕೂತ ಸುಗಂಧಿಯ ಮುಂದೆ ಬಿಚ್ಚಿದರು. ಕೇಳುವ ತಾಳ್ಮೆ ಇವಳಿಗೆ ಬೇಕಾದಷ್ಟಿತ್ತು.

ಅವರು ಯಾವುದಕ್ಕೂ ಮುಖಕ್ಕೆ ಹೊಡೆದ ಹಾಗೆ ಬೇಡ ಅಂದವರಲ್ಲ. ಸುಗಂಧಿ ಒಮ್ಮೆ ಬಂಗುಡೆ ಸಾರು ಬಡಿಸಿದಾಗ ಹಲ್ಲಿನ ಸಂದಿನಿಂದ ಉಸಿರೆಳೆದು, ತಲೆ ಓರೆ ಮಾಡಿ, "ಚೆನ್ನಾಗಿದೆ, ಆದರೆ ಸ್ವಲ್ಪ..." ಎಂದು ನಿಲ್ಲಿಸಿದ್ದರು. ಉಳಿದದ್ದನ್ನು ಕೇಳಿದವರೇ ತಿಳಿಯಬೇಕು. ಸುಗಂಧಿ ತಿಳಿದಳು, ಮತ್ತೆ ಆ ಸಾರು ಮಾಡಲಿಲ್ಲ.

2001ರಲ್ಲಿ ಹಿಸಾಯೆಯವರಿಗೆ ಸ್ಟ್ರೋಕ್ ಆಯಿತು. ಕೈಕಾಲು ಸುಧಾರಿಸಿತು, ಇಂಗ್ಲಿಷ್ ಮಾತ್ರ ಹೊರಟುಹೋಯಿತು. ಸಟನ್ನಿನ ವೃದ್ಧಾಶ್ರಮಕ್ಕೆ ಕಳಿಸುವುದೆಂದು ಹೆಲೆನ್ ವೃದ್ಧರ ವ್ಯವಸ್ಥೆ ನೋಡುವ ಕೌನ್ಸಿಲಿನ ಹೆಂಗಸೊಬ್ಬಳನ್ನು ಕರೆತಂದಳು. ಹಿಸಾಯೆಯವರು ಒಪ್ಪಬೇಕಿತ್ತು. ಅವರ ಮಾತು ಬಲ್ಲವಳು ಸುಗಂಧಿ ಒಬ್ಬಳೇ.

ಆಶ್ರಮಕ್ಕೆ ಹೋಗುತ್ತೀರಾ ಎಂದು ಸುಗಂಧಿ ಕೇಳಿದಳು. ಹಿಸಾಯೆಯವರು ಉಸಿರೆಳೆದು ತಲೆ ಓರೆ ಮಾಡಿದರು. "ಒಳ್ಳೆಯ ಜಾಗವೇ ಇರಬೇಕು, ಆದರೆ..."

"‘ಒಳ್ಳೆ ಜಾಗ ಇರಬಹುದು, ಆದರೆ...’ ಅಂದರು," ಎಂದಳು ಸುಗಂಧಿ.

"ಆದರೆ ಏನು?" ಕೌನ್ಸಿಲಿನವಳು ಪೆನ್ನು ಹಿಡಿದೇ ಕೇಳಿದಳು.

"ಅಷ್ಟೇ. ಹೋಗೋದಿಲ್ಲ ಅಂತ."

"ಹೋಗೋದಿಲ್ಲ ಅಂದರಾ?"

"ಹಾಗೆ ಅವರು ಹೇಳೋದಿಲ್ಲ."

"ಅವರು ಹೇಳಿದ್ದನ್ನಷ್ಟೇ ಹೇಳಮ್ಮ. ನಿನ್ನದು ಸೇರಿಸಬೇಡ."

ಹೆಲೆನ್ ನಕ್ಕಳು. "ಪಾಪ, ಮಮ್ ಹೋದರೆ ಇವಳ ಕೆಲಸವೂ ಹೋಗುತ್ತಲ್ಲ."

ಆ ಮಾತು ಸುಗಂಧಿಗೆ ಬರೆ ಎಳೆದಂತಾಯಿತು. ಒಂಬತ್ತು ವರ್ಷದ ತಾಳ್ಮೆ ಒಂದು ಗಳಿಗೆಯಲ್ಲಿ ತಪ್ಪಿತು. ಹಿಸಾಯೆಯವರ ಕೈ ಹಿಡಿದು, ಎಲ್ಲರ ಎದುರು, ಗಟ್ಟಿಯಾಗಿ ಕೇಳಿಬಿಟ್ಟಳು: "ಬೇಡ ಅನ್ನಿ! ಹೌದೋ ಅಲ್ಲವೋ, ಒಂದೇ ಮಾತು!"

ಹಿಸಾಯೆಯವರ ಮುಖ ಕೆಂಪಾಯಿತು. ಪರರ ಮುಂದೆ, ಹೆತ್ತ ಮಗಳ ಮುಂದೆ, ಹಟ ಹಿಡಿದು ನಿಲ್ಲುವ ಮುದುಕಿಯಾಗಲು ಅವರಿಂದಾಗದು. ಮೆಲ್ಲಗೆ ಕೈ ಬಿಡಿಸಿಕೊಂಡು ತಲೆ ಬಾಗಿಸಿದರು. "ನಿಮ್ಮೆಲ್ಲರಿಗೆ ಬಿಟ್ಟದ್ದು."

ಈ ಮಾತು ಪೂರ್ತಿಯಾಗಿತ್ತು. ಸುಗಂಧಿಯೇ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಬೇಕಾಯಿತು. ಕೌನ್ಸಿಲಿನವಳು ಒಪ್ಪಿಗೆ ಎಂದು ಬರೆದುಕೊಂಡಳು.

"ನಿಂಗ್ ಬಾಯ್ ಮುಚ್ಕಂಡ್ ಕೂಕಂಬುಕ್ ಎಂತ ಆಯ್ದಿತ್?" ಎಂದು ಅಂದು ರಾತ್ರಿ ಅವಳ ಗಂಡ ಮಂಜಯ್ಯ ಬೈದ. "ಇನ್ನೆರಡ್ ಸಲ ಆ ಕೌನ್ಸಿಲಿನವ್ರೇ ಕೇಂತಿದ್ರ್. ನಿನ್ ಜಪಾನಿ ಅಮ್ಮ ‘ಆದ್ರೆ, ಆದ್ರೆ’ ಅಂತ ವರ್ಷ ಕಳಿತಿದ್ರ್!"



ಎರಡು ತಿಂಗಳ ಮೇಲೆ ಅವಳು ಸಟನ್ನಿಗೆ ಹೋದಳು. ಕಿಟಕಿಯ ಪಕ್ಕ ಕೂತಿದ್ದ ಹಿಸಾಯೆಯವರು ಎದ್ದು ನಿಂತು, ಸೊಂಟ ಬಗ್ಗಿಸಿ ವಂದಿಸಿದರು. ಅಲ್ಲಿಯತನಕ ಮಗಳಿಗೆ ಹೇಳುವಂತೆ ‘ಬಾ, ಕೂರು’ ಅನ್ನುತ್ತಿದ್ದವರು, "ಇಷ್ಟು ದೂರ ದಯಮಾಡಿಸಿದಿರಿ, ನಿಮಗೆ ಬಹಳ ತೊಂದರೆಯಾಯಿತು" ಎಂದರು. ಅವರ ಮಾತಿನಲ್ಲಿ ಗುರುತಿಲ್ಲದ ಅತಿಥಿಗೆಂದೇ ಇರುವ ಮರ್ಯಾದೆಯ ಮಾತದು. ಮರೆವಲ್ಲ, ಸುಗಂಧಿಯ ಹೆಸರು ಅವರಿಗೆ ಸರಿಯಾಗಿ ನೆನಪಿತ್ತು.

"ಎಂತ ಅಂದ್ರ್?" ಮನೆಗೆ ಬಂದಾಗ ಮಂಜಯ್ಯ ಕೇಳಿದ.

"ಭಾರಿ ಮರ್ಯಾದಿ ಕೊಟ್ರ್."

ಸುಗಂಧಿ ಕೋಟು ಬಿಚ್ಚಿ ಗೂಟಕ್ಕೆ ಸಿಕ್ಕಿಸಿದಳು. ಬೆಳಗಿನ ಪಾತ್ರೆಗಳು ಸಿಂಕಿನಲ್ಲೇ ಇದ್ದವು. ನಲ್ಲಿ ತಿರುಗಿಸಿ, ತಳ ಹಿಡಿದ ಗಂಜಿ ಪಾತ್ರೆಯನ್ನು ಮೊದಲು ಉಜ್ಜತೊಡಗಿದಳು.