ಒಡೆಯಬಾರದ್ದಕ್ಕೆ ಹೊತ್ತ ಹರಕೆ

ನನ್ನ ಮಗಳು ಪರಮಾಣುಗಳ ಬಗ್ಗೆ ಸಂಶೋಧನೆ ಮಾಡುತ್ತಾಳೆ. ಎರಡು ವರ್ಷ ಕಾದ ಮೇಲೆ ಅವಳಿಗೆ ಉತ್ತರದ ಊರೊಂದರ ದೊಡ್ಡ ಯಂತ್ರದಲ್ಲಿ ಐದು ದಿನ ಸಿಕ್ಕವು. ನಡುವೆ ಯಂತ್ರ ಕೆಟ್ಟರೆ ಮತ್ತೆ ಸರದಿಯ ಕೊನೆಗೆ ನಿಲ್ಲಬೇಕು. ಪಿಎಚ್‌ಡಿಯೂ ಅಲ್ಲೇ ನಿಲ್ಲುತ್ತದೆ. ನನಗೆ ಯಂತ್ರದ ವಿಷಯ ತಿಳಿಯದು, ಹರಕೆಯ ವಿಷಯ ತಿಳಿಯುತ್ತದೆ.

ಒಂದು ಜಾತಿಯ ಪರಮಾಣು ತಾನಾಗಿಯೇ ಒಡೆಯುವುದನ್ನು ನೋಡಲು ವಿಜ್ಞಾನಿಗಳು ಕಾದು ಕುಳಿತಿದ್ದಾರೆಂದು ಅವಳು ಹೇಳಿದ್ದು ನೆನಪಿತ್ತು. 'ನಿಜವಾಗಿ ಒಡೆಯೋದಲ್ಲ, ಇನ್ನೊಂದಾಗೋದು. ನೀ ಒಡೆಯೋದು ಅಂತಾನೇ ಇಟ್ಕೋ' ಎಂದಿದ್ದಳು. ಇಟ್ಟುಕೊಂಡೆ. ಅವಳ ಐದು ದಿನದಲ್ಲೇ ಅದು ಒಡೆಯಲಿ, ಹನ್ನೊಂದು ಈಡುಗಾಯಿ ಒಡೆಯುತ್ತೇನೆ ಎಂದು ಉಕ್ಕಡಗಾತ್ರಿಯ ಅಜ್ಜಯ್ಯನಿಗೆ ಹರಕೆ ಹೊತ್ತೆ. ದಾವಣಗೆರೆ ಮಾರ್ಕೆಟ್ಟಿನಲ್ಲಿ ಒಂದೊಂದನ್ನೂ ತಟ್ಟಿ ನೋಡಿ ಕಾಯಿ ತಂದೆ.

ಅವಳ ಐದು ದಿನದಲ್ಲಿ ಎರಡನೆಯ ದಿನ ಫೋನಿನಲ್ಲಿ ಈ ಸುದ್ದಿ ಹೇಳಿದೆ.

"ಅವ್ವ, ನೀ ಕಾಯಿ ತಟ್ಟಿ ನೋಡ್ತೀಯಲ್ಲ, ನಮ್ದೂ ಅಷ್ಟೇ. ಒಳಗೆ ಹೆಂಗೈತೆ ಅಂತ ತಿಳ್ಕಳಾಕೆ ಪರಮಾಣೂನ ಬಡೀತೀವಿ. ಒಡಿಯೋದನ್ನ ಕಾಯೋರು ಬ್ಯಾರೆ, ಅವ್ರು ಗುಡ್ಡದ ತಳಗೆ ಸುರಂಗದಾಗೆ ಕುಂತಾರೆ. ಒಡೆದ್ರೆ ಅದಕ್ಕೆ ಅರ್ಥ ಏನು ಅಂತ ಹೇಳಾಕೆ ಅವ್ರಿಗೆ ನಮ್ಮ ಅಳತೆ ಬೇಕು."

"ಹಂಗಾದ್ರೆ ನಿನ್ನ ಐದು ದಿನದಾಗೆ ಒಡಿಯಲ್ವಾ?"

"ಅದಕ್ಕೆ ಈ ಲೋಕದ ವಯಸ್ಸೇ ಸಾಲಲ್ಲ. ಒಡೀತು ಅಂತ ನಮ್ಮ ಯಂತ್ರ ತೋರಿಸಿದ್ರೆ, ಯಂತ್ರ ಕೆಟ್ಟೈತೆ ಅಂತ ಅರ್ಥ."

ಅಜ್ಜಯ್ಯ ಕೇಳಿದ್ದನ್ನು ಕೊಟ್ಟೇ ಕೊಡುತ್ತಾನೆಂದು ಓಣಿಗೆಲ್ಲ ಹೇಳಿದವಳು ನಾನೇ. ಈಗ ಅದೇ ಹೆದರಿಕೆ.

ನಮ್ಮತ್ತೆ ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದರು. "ದೇವ್ರಿಗೆ ಅರ್ಜಿ ಕೊಟ್ಟು ವಾಪಸ್ ಇಸ್ಕಳ್ಳೋ ಸೊಸೀನ ಇವತ್ತೇ ನೋಡಿದ್ದು" ಎಂದರು. ಆಮೇಲೆ ಅವರೇ, "ಹೋಗವ್ವ, ತಪ್ಪುಕಾಣಿಕೆ ಹಾಕಿ ಬಾ. ಮೂರು ದಿನ ಉಳಿದಾವಲ್ಲ" ಎಂದರು.

ಮರುದಿನ ಬೆಳಿಗ್ಗೆ ಹರಿಹರದಲ್ಲಿ ಬಸ್ ಬದಲಿಸಿ ಉಕ್ಕಡಗಾತ್ರಿಗೆ ಹೋದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು, ಅದೂ ಅವನ ದಯೆ. ಹೊಳೆಯಲ್ಲಿ ಕೈಕಾಲು ತೊಳೆದು, ಕಾಣಿಕೆ ಹಾಕಿ, ಈ ಸಲ ಸರಿಯಾಗಿ ಕೇಳಿದೆ: "ಅಜ್ಜಯ್ಯ, ಏನೂ ಒಡಿಯೋದು ಬ್ಯಾಡ. ಎಲ್ಲ ಇದ್ದಂಗೇ ಇರ್ಲಿ." ಪಕ್ಕದಲ್ಲಿ ನಿಂತಿದ್ದಾಕೆ ನನ್ನನ್ನು ಕನಿಕರದಿಂದ ನೋಡಿದಳು. ಮನೆಯಲ್ಲಿ ಜಗಳವೆಂದುಕೊಂಡಿರಬೇಕು.

ಐದನೆಯ ದಿನ ಸಂಜೆ ಮಗಳ ಫೋನು. ಯಂತ್ರ ಒಮ್ಮೆಯೂ ನಿಲ್ಲಲಿಲ್ಲ, ಬೇಕಾದ ಅಳತೆಯೆಲ್ಲ ಸಿಕ್ಕಿತು, ಏನೂ ಒಡೆಯಲಿಲ್ಲ. ಏನೂ ಆಗಲಿಲ್ಲವೆಂಬ ಸುದ್ದಿಗೆ ದೇವರ ಮುಂದೆ ತುಪ್ಪದ ದೀಪ ಹಚ್ಚಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಹನ್ನೊಂದು ಕಾಯಿ ಮನೆಯಲ್ಲೇ ಉಳಿದವು. ಚಟ್ನಿಗೆಂದು ಒಂದೊಂದಾಗಿ ಒಡೆಯುತ್ತ ಬಂದರೆ, ನಾನು ತಟ್ಟಿ ಆರಿಸಿದ್ದರಲ್ಲಿ ಎರಡು ಒಳಗೆ ಕೊಳೆತಿದ್ದವು. ಮಗಳಿಗೆ ಹೇಳಿದೆ.

"ಒಂದು ಸಲ ತಟ್ಟಿದ್ರೆ ಹಂಗೇ ಅವ್ವ. ಅದಕ್ಕೇ ನಾವು ತಟ್ಟಾಕೆ ಐದು ದಿನ ಕೇಳೋದು" ಎಂದಳು.